ಸೀಟಿನ ಕವರಿಗೂ ಮೊದಲು ಸೀರೆ ಗಾರ್ಡು

ಸೀರೆ ಅಂಗಡಿಗೆ ಹೋದರೆ ನಾವು ಮೊದಲು ನೋಡುವುದು ಬಣ್ಣ, ಆಮೇಲೆ ಅಂಚು, ಸೆರಗು. ನೂಲು ಗಟ್ಟಿಯಾಗಿದೆಯೇ ಎಂದು ಬೆರಳಿನಲ್ಲಿ ತಿಕ್ಕಿ ನೋಡುವವರು ನಮ್ಮಲ್ಲಿ ಎಷ್ಟು ಜನ ಹೇಳಿ! ಹಳೆಯ ಸ್ಕೂಟರೊಂದು ನನ್ನ ಕೈಗೆ ಬಂದಾಗ ನಾನು ಮಾಡಿದ್ದೂ ಇಂಥದೇ ಕೆಲಸ. ಅದರ ಫಲವನ್ನು ಅನುಭವಿಸಿದವಳು ಮಾತ್ರ ನಾನಲ್ಲ, ನನ್ನ ಅಮ್ಮ. ಸೋದರಿಯರೇ, ನಿಮ್ಮ ಮನೆಯಲ್ಲೂ ಮಗಳೋ ಮಗನೋ ಬಿಟ್ಟುಹೋದ ಹಳೇ ಗಾಡಿ ಗೋಡೆಗೆ ಒರಗಿ ನಿಂತಿದ್ದರೆ, ಅದನ್ನು ಸಿಂಗರಿಸಲು ಹೊರಡುವ ಮೊದಲು ನನ್ನ ಕತೆಯನ್ನೊಮ್ಮೆ ಓದಿ ಬಿಡಿ.

ನಮ್ಮದು ಸಾಗರ. ತವರುಮನೆ ಪೇಟೆಯಿಂದ ಎಂಟು ಕಿಲೋಮೀಟರು ಒಳಗೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಲ್ಲಿ ಒಬ್ಬಳೇ. ಎಷ್ಟು ಕರೆದರೂ ತೋಟ ಬಿಟ್ಟು ಬರಲೊಲ್ಲಳು. ಆ ದಾರಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಅಮ್ಮನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಕಣ್ಣಿನ ಪೊರೆಯ ಆಪರೇಷನ್ನೂ ಆಗಿತ್ತು. ಪ್ರತಿ ಸಲ ಡಾಕ್ಟರ ಹತ್ತಿರ ಕರೆತರಲು ಆಟೋಕ್ಕೆ ಹೋಗಿಬರುವ ಬಾಡಿಗೆ ಕೊಟ್ಟು ನನ್ನ ಡಬ್ಬಿಯ ದುಡ್ಡೆಲ್ಲ ಬರಿದಾಗುತ್ತಿತ್ತು. ಹೀಗಿರುವಾಗ 2023ರಲ್ಲಿ ನನ್ನ ತಂಗಿಯ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ, "ದೊಡ್ಡಮ್ಮಾ, ನನ್ನ ಸ್ಕೂಟಿ ನೀನೇ ಇಟ್ಕೋ, ಇಲ್ಲಿದ್ದರೆ ತುಕ್ಕು ಹಿಡಿಯುತ್ತೆ" ಎಂದು ಕೀಲಿಕೈ ಕೊಟ್ಟಳು.

ಅದು 2012ರಲ್ಲಿ ನೋಂದಣಿಯಾದ ಸ್ಕೂಟಿ ಪೆಪ್ ಪ್ಲಸ್. ಚಿಕ್ಕ ಗಾಡಿ, 87.8 ಸಿ.ಸಿ. ಎಂಜಿನ್ನು, ತೂಕ ನೂರು ಕಿಲೋಕ್ಕೂ ಕಡಿಮೆ. ನನ್ನಂಥ ಕುಳ್ಳಿಗೂ ಎರಡೂ ಕಾಲು ನೆಲಕ್ಕೆ ಎಟುಕುತ್ತದೆ. ನಲವತ್ತಮೂರನೇ ವಯಸ್ಸಿನಲ್ಲಿ, ಭಾನುವಾರ ಬೆಳಿಗ್ಗೆ ಹೈಸ್ಕೂಲಿನ ಮೈದಾನದಲ್ಲಿ ಎಲ್ಲರೂ ನೋಡುತ್ತಿರುವಾಗ ಕಲಿತೆ. ಎಲ್‌ಎಲ್‌ಆರ್ ಮಾಡಿಸಿ, ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆ ಕೊಟ್ಟು ಲೈಸೆನ್ಸೂ ತಗೊಂಡೆ. ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿ, ಇನ್ಷೂರೆನ್ಸನ್ನೂ ನನ್ನ ಹೆಸರಿಗೆ ತಿರುಗಿಸಿದ್ದಾಯಿತು. (ಮನೆಯೊಳಗಿನ ಗಾಡಿಯೇ ತಾನೇ ಎಂದು ಇದನ್ನು ಬಿಡಬೇಡಿ. ಏನಾದರೂ ಆದಾಗ ಮೊದಲು ಕೇಳುವುದೇ ಆ ಕಾಗದ.)

ಇಲ್ಲಿಯವರೆಗೆ ನಾನು ಜಾಣೆ. ಮುಂದಿನದು ಕೇಳಿ.

ಆ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರಿದ್ದರಲ್ಲಿ ಆರು ಸಾವಿರ ರೂಪಾಯಿ ಉಳಿದಿತ್ತು. ಗಾಡಿಗೇ ಖರ್ಚು ಮಾಡುವುದೆಂದು ನಿಶ್ಚಯಿಸಿದೆ. ಬಿಸಿಲಿಗೆ ಬಣ್ಣಗೆಟ್ಟ ಗಾಡಿ, ಹರಿದ ಸೀಟು. ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸುವ ಹಾಗಿತ್ತು. ಶಿವಮೊಗ್ಗಕ್ಕೆ ಮದುವೆಗೆಂದು ಹೋದವಳು ಅಲಂಕಾರದ ಸಾಮಾನಿನ ಅಂಗಡಿಯೊಂದಕ್ಕೆ ಹೊಕ್ಕೆ. ಕೆಂಪು–ಕಪ್ಪು ಸೀಟ್ ಕವರು, ಹಿಡಿಕೆಗೆ ಮೆತ್ತನೆಯ ಗ್ರಿಪ್ಪು, ಕಾಲಡಿಗೆ ರಬ್ಬರ್ ಮ್ಯಾಟು, ಹೂಬಳ್ಳಿಯ ಸ್ಟಿಕ್ಕರು. ಅಷ್ಟಕ್ಕೇ ನಿಲ್ಲಿಸಿದೆನೇ? ಮುಂದುಗಡೆಗೆ ನೀಲಿ ದೀಪ, ಹಾಡುವ ಹಾರನ್ನು ಬೇರೆ! ಒಟ್ಟು 2,600 ರೂಪಾಯಿ. ಊರಿಗೆ ತಂದು, ಮೂಲೆಮನೆಯ ಹುಡುಗನ ಕೈಲಿ ಜೋಡಿಸಿದ್ದಾಯಿತು. ನಮ್ಮನೆಯವರು ಜಗಲಿಯಿಂದಲೇ ನೋಡಿ, "ಬ್ರೇಕು ತೋರಿಸಿದ್ಯಾ?" ಅಂದರು. "ಓಡಾಡ್ತಾ ಇದೆಯಲ್ಲ" ಅಂದೆ.

ಸೊಸೆ ಮನೆಗೆ ಬಂದಾಗ ಅವಳ ಒಡವೆ ನೋಡುವ ಗಡಿಬಿಡಿಯಲ್ಲಿ ಹುಡುಗಿಯ ಮುಖವನ್ನೇ ನೋಡದವರಂತೆ, ನಾನೂ ಆ ಗಾಡಿಯಲ್ಲಿ ಇಲ್ಲದ್ದೇನು ಎಂಬುದನ್ನು ನೋಡಲೇ ಇಲ್ಲ. ತಂಗಿಯ ಮಗಳು ಕಾಲೇಜಿಗೆ ಹೋಗುವಾಗ, ಚೆಂದ ಕಾಣುವುದಿಲ್ಲವೆಂದು ಎಡಗಡೆಯ ಸೀರೆ ಗಾರ್ಡನ್ನು ಬಿಚ್ಚಿಸಿದ್ದಳು. ಅವಳು ಚೂಡಿದಾರದವಳು, ಹಿಂದೆ ಕೂರುವ ಗೆಳತಿಯರೂ ಪ್ಯಾಂಟಿನವರು. ಅವರಿಗೆ ಅದು ಬೇಕಿರಲಿಲ್ಲ. ನಾನು ಮಾತ್ರ ಸೀರೆ ಉಟ್ಟ ಅರವತ್ತೆಂಟರ ಮುದುಕಿಯನ್ನು ಅದರ ಮೇಲೆ ಒಂದೇ ಪಕ್ಕಕ್ಕೆ ಕೂರಿಸಿಕೊಂಡು ಹೊರಟೆ.

ಆಷಾಢದ ಜಿಟಿಜಿಟಿ ಮಳೆ. ತವರಿನ ದಾರಿಯ ಇಳಿಜಾರು ಮುಗಿದು ಸಮ ರಸ್ತೆಗೆ ಬಂದಿದ್ದೆವು, ವೇಗ ಇಪ್ಪತ್ತೂ ಇರಲಿಲ್ಲ. ಹಿಂದಿನಿಂದ ಯಾರೋ ಎಳೆದ ಹಾಗಾಯಿತು. ಅಮ್ಮನ ಸೆರಗಿನ ತುದಿ ಗಾಳಿಗೆ ಜಾರಿ ಹಿಂಚಕ್ರದೊಳಗೆ ಹೋಗಿತ್ತು. ಬ್ರೇಕು ಒತ್ತಿದೆ. ಲಿವರು ಹಿಡಿಕೆಯವರೆಗೂ ಬಂದು ತಾಗಿತು, ಗಾಡಿ ನಿಲ್ಲಲಿಲ್ಲ. ಅದು ನಿಲ್ಲುವಷ್ಟರಲ್ಲಿ ಅಮ್ಮ ರಸ್ತೆಯ ಪಕ್ಕದ ಹುಲ್ಲಿನ ಮೇಲೆ ಬಿದ್ದಿದ್ದಳು.

ದೇವರು ದೊಡ್ಡವನು. ಹೆಲ್ಮೆಟ್ಟು ಹಾಕಿಸಿದ್ದೆ. ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಹೆಲ್ಮೆಟ್ಟು ಕಡ್ಡಾಯವಾಗಿದೆಯಲ್ಲ, ದಂಡದ ಭಯಕ್ಕೆ ಹಾಕಿಸಿದ್ದು ಎಂದು ಒಪ್ಪಿಕೊಳ್ಳುತ್ತೇನೆ. ಕಲ್ಲು ತಾಗಿ ಹೆಲ್ಮೆಟ್ಟಿಗೆ ಗೀರು ಬಿತ್ತು, ತಲೆಗೆ ಏನೂ ಆಗಲಿಲ್ಲ. ಮಣಿಕಟ್ಟಿನ ಮೂಳೆ ಮಾತ್ರ ಮುರಿದು ಆರು ವಾರ ಪಟ್ಟಿ ಹಾಕಿಸಿಕೊಳ್ಳಬೇಕಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಅಳುತ್ತಿದ್ದರೆ ಅಮ್ಮ, "ಸುಮ್ನಿರೇ, ಸೀಟು ಮೆತ್ತಗಿತ್ತು ಕಣೆ" ಅಂದಳು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ತಿಳಿಯಿತು, ಸೀರೆ ಗಾರ್ಡು ಅಲಂಕಾರವೂ ಅಲ್ಲ, ಅಂಗಡಿಯವನ ವ್ಯಾಪಾರವೂ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದೇ ಇದರ ಬಗ್ಗೆ ಇದೆ. ಹಿಂದೆ ಕೂರುವವರಿಗೆ ಭದ್ರವಾದ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಾಗದಷ್ಟು ಭಾಗವನ್ನು ಮುಚ್ಚುವ ರಕ್ಷಣೆ, ಈ ಮೂರೂ ಇರಲೇಬೇಕು. ಸೀರೆ ಉಡುವ ನಮಗಾಗಿಯೇ ಬರೆದಂತಿರುವ ಈ ನಿಯಮ ನಮಗೇ ಗೊತ್ತಿಲ್ಲ, ನೋಡಿ.

ಇನ್ನು ರಿಪೇರಿಯ ವಿಷಯ. ಇಲ್ಲೂ ಒಮ್ಮೆ ಎಡವಿದೆ. ಮೊದಲು ಕೊಟ್ಟ ಗ್ಯಾರೇಜಿನವನು ಬೆಳಿಗ್ಗೆ ಗಾಡಿ ಇಟ್ಟುಕೊಂಡು ಸಂಜೆ ಕೊಟ್ಟ. ಪ್ಲಗ್ ಬದಲಾಯಿಸಿದ್ದು, ಏರ್ ಫಿಲ್ಟರ್ ಬದಲಾಯಿಸಿದ್ದು ಎಂದು ಚೀಟಿಯಲ್ಲಿ ಬರೆದು ದುಡ್ಡು ತಗೊಂಡ. ಹದಿನೈದು ದಿನಕ್ಕೆ ಗಾಡಿ ಮತ್ತೆ ಕೆಮ್ಮತೊಡಗಿತು. ಇನ್ನೊಬ್ಬ ಮೆಕ್ಯಾನಿಕ್ಕು ಬಿಚ್ಚಿ ನೋಡಿದರೆ ಅದೇ ಕರಿಹಿಡಿದ ಪ್ಲಗ್ಗು, ಅದೇ ಮಣ್ಣು ಮೆತ್ತಿದ ಫಿಲ್ಟರು! ದರ್ಜಿಯ ಹತ್ತಿರ ರವಿಕೆಗೆ ಕೊಟ್ಟ ಬಟ್ಟೆಯಲ್ಲಿ ಉಳಿದ ಚೂರನ್ನೂ ಕೇಳಿ ಪಡೆಯುವವರು ನಾವು. ಗ್ಯಾರೇಜಿನಲ್ಲಿ ಯಾಕೆ ಬಾಯಿ ಕಟ್ಟುತ್ತದೋ! ಅಂದಿನಿಂದ ನನ್ನದೊಂದು ನಿಯಮ: ಸ್ಟೂಲು ಹಾಕಿಸಿಕೊಂಡು ಪಕ್ಕದಲ್ಲೇ ಕೂರುವುದು, ಬದಲಾಯಿಸಿದ ಹಳೇ ಸಾಮಾನನ್ನು ಒಂದು ಚೀಲಕ್ಕೆ ಹಾಕಿಸಿಕೊಂಡು ಮನೆಗೆ ತರುವುದು. ಎರಡನೆಯ ಮೆಕ್ಯಾನಿಕ್ಕು ಒಳ್ಳೆಯ ಹುಡುಗ. "ಅಕ್ಕಾ, ನೀವು ಕೂತ್ಕೊಂಡು ನೋಡಿ, ನಂಗೂ ಒಳ್ಳೇದು" ಅಂದ.

ಅವನಿಂದ ಕಲಿತದ್ದರಲ್ಲಿ ಎಲ್ಲಕ್ಕಿಂತ ಬೆರಗಾಗಿಸಿದ್ದು ಟೈರಿನ ವಿಷಯ. ನಮ್ಮ ಗಾಡಿಯ ಟೈರು ನೋಡಲು ಚೆನ್ನಾಗಿಯೇ ಇತ್ತು, ಹಲ್ಲು ಸವೆದಿರಲಿಲ್ಲ. ಅವನು ಟೈರಿನ ಪಕ್ಕದಲ್ಲಿ ಒಂದು ಉದ್ದನೆಯ ಗುಂಡಿಯೊಳಗೆ ಅಚ್ಚಾದ ನಾಲ್ಕು ಅಂಕಿ ತೋರಿಸಿದ: 4111. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಅಂದರೆ 2011ನೇ ಇಸವಿಯ 41ನೇ ವಾರದಲ್ಲಿ ತಯಾರಾದದ್ದು! ಗಾಡಿಯ ಜೊತೆಗೆ ಬಂದ ಟೈರು, ಹನ್ನೆರಡು ವರ್ಷ ಹಳೆಯದು. ರಬ್ಬರು ಗಟ್ಟಿಯಾಗಿ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಒದ್ದೆ ರಸ್ತೆಯಲ್ಲಿ ಇಂಥ ಟೈರು ಹಿಡಿತ ಕೊಡುವುದಿಲ್ಲ. ಮಸಾಲೆ ಪುಡಿಯ ಪೊಟ್ಟಣದ ಮೇಲೆ ತಾರೀಕು ನೋಡುತ್ತೇವೆ, ಟೈರಿನ ಮೇಲೂ ತಾರೀಕು ಇರುತ್ತದೆಂದು ನನಗಂತೂ ಗೊತ್ತಿರಲಿಲ್ಲ. ನೀವು ಇವತ್ತೇ ಹೋಗಿ ಓದಿ ನೋಡಿ. ಹಲ್ಲಿನ ಆಳಕ್ಕೂ ಲೆಕ್ಕವಿದೆ. ದ್ವಿಚಕ್ರದ ಟೈರಿಗೆ ಕನಿಷ್ಠ 0.8 ಮಿಲಿಮೀಟರು ಇರಬೇಕು. ಟೈರಿನ ಗೀರುಗಳ ನಡುವೆ ಸಣ್ಣ ದಿಣ್ಣೆಗಳಿರುತ್ತವೆ, ಹಲ್ಲು ಸವೆದು ಆ ದಿಣ್ಣೆಯ ಸಮಕ್ಕೆ ಬಂತೆಂದರೆ ಟೈರಿನ ಆಯಸ್ಸು ಮುಗಿಯಿತು.

ಬ್ರೇಕು ಬಿಚ್ಚಿದಾಗ ಲೈನರು ಸವೆದು ಹೋಗಿತ್ತು, ಕೇಬಲ್ಲು ಒಳಗೊಳಗೇ ತುಕ್ಕು ಹಿಡಿದಿತ್ತು. ಇದರಲ್ಲಿ ಗಾಡಿಯ ತಪ್ಪೇನೂ ಇಲ್ಲ, ವರ್ಷಗಟ್ಟಲೆ ಯಾರೂ ಅದರತ್ತ ತಿರುಗಿ ನೋಡಿರಲಿಲ್ಲ. ಬ್ರೇಕಿನ ಪರೀಕ್ಷೆ ನೀವೇ ಮಾಡಬಹುದು. ಎಂಜಿನ್ ಆರಿಸಿ, ಲಿವರನ್ನು ಪೂರ್ತಿ ಒತ್ತಿ. ಅದು ಹಿಡಿಕೆಗೆ ಬಂದು ತಾಗಬಾರದು. ಸಡಿಲವಾಗಿದ್ದರೆ ಚಕ್ರದ ಹತ್ತಿರ ಕೇಬಲ್ಲಿನ ತುದಿಯಲ್ಲಿರುವ ನಟ್ಟನ್ನು ಅರ್ಧರ್ಧ ಸುತ್ತು ಬಿಗಿ ಮಾಡಬೇಕು. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಉಜ್ಜುವ ಸದ್ದಿಲ್ಲದೆ ಸಲೀಸಾಗಿ ತಿರುಗಬೇಕು. ಎಷ್ಟು ಬಿಗಿ ಮಾಡಿದರೂ ಹಿಡಿಯದಿದ್ದರೆ ಲೈನರ್ ಮುಗಿದಿದೆ ಎಂದೇ ಅರ್ಥ. ಅದು ಮೆಕ್ಯಾನಿಕ್ಕಿನ ಕೆಲಸ. ಬ್ರೇಕ್ ಡ್ರಮ್ಮಿನೊಳಗಿನ ಕಪ್ಪು ಧೂಳನ್ನು ಬಾಯಿಂದ ಊದುವುದು ಮಾತ್ರ ಬೇಡ, ಶ್ವಾಸಕ್ಕೆ ಕೆಟ್ಟದ್ದು.

ಆವತ್ತಿನ ಲೆಕ್ಕ ಇನ್ನೂ ನನ್ನ ಹಾಲಿನ ಡೈರಿಯಲ್ಲಿದೆ. ಎರಡು ಟೈರಿಗೆ 2,700, ಬ್ರೇಕ್ ಶೂ ಎರಡು ಜೊತೆಗೆ 600, ಕೇಬಲ್ಲಿಗೆ 400, ಸೀರೆ ಗಾರ್ಡು ಮತ್ತು ಹಿಂದಿನ ಹಿಡಿಕೆಗೆ 650, ಎಣ್ಣೆ 400, ಕೂಲಿ 600. ಒಟ್ಟು 5,350. ನನ್ನ ಹತ್ತಿರ ಉಳಿದಿದ್ದದ್ದು 3,400 ಮಾತ್ರ. ಅಲಂಕಾರಕ್ಕೆ ಸುರಿದ 2,600 ಇದ್ದಿದ್ದರೆ ಎಲ್ಲವೂ ಕೈಯಲ್ಲೇ ಮುಗಿಯುತ್ತಿತ್ತು, ಕೊನೆಗೆ ಮಿಠಾಯಿಗೂ ಉಳಿಯುತ್ತಿತ್ತು. ನಮ್ಮನೆಯವರ ಮುಂದೆ ಕೈ ಚಾಚಬೇಕಾಯಿತು. ಅವರು ಒಂದು ಮಾತೂ ಆಡದೆ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು!

ಎಣ್ಣೆಯ ಬಗ್ಗೆ ಒಂದು ಮಾತು. ಎಂಜಿನ್ ಆಯಿಲ್ ಎಲ್ಲರಿಗೂ ಗೊತ್ತು. ಗೇರಿಲ್ಲದ ಗಾಡಿಗೂ ಹಿಂಚಕ್ರದ ಹತ್ತಿರ ಬೇರೆಯಾಗಿ ಗೇರ್ ಆಯಿಲ್ ಇರುತ್ತದೆ, ಅದನ್ನು ಹೆಚ್ಚಿನವರು ಮರೆತೇ ಬಿಡುತ್ತಾರೆ. ಹಾಗೆಯೇ ಎಡಗಡೆಯ ಡಬ್ಬಿಯೊಳಗೆ ಒಂದು ರಬ್ಬರ್ ಬೆಲ್ಟು. ಅದು ತುಂಡಾದರೆ ಎಂಜಿನ್ ಓಡುತ್ತಲೇ ಇರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಏರು ಹತ್ತುವಾಗ ಸದ್ದು ಹೆಚ್ಚಾಗಿ ಓಟ ಕಡಿಮೆಯಾಯಿತೆಂದರೆ ಬೆಲ್ಟು ತೋರಿಸಿ. ನಮ್ಮಂಥ ಗುಡ್ಡದ ಊರಿನಲ್ಲಿ ಇದು ಬೇಗ ಗೊತ್ತಾಗುತ್ತದೆ.

ಹಾಡುವ ಹಾರನ್ನು, ನೀಲಿ ದೀಪ ಏನಾದವು ಎಂದಿರಾ? ಅವುಗಳ ತಂತಿಯನ್ನು ಒಳಗಿನ ತಂತಿಗೆ ಸೀಳಿ, ಬರೀ ಟೇಪು ಸುತ್ತಿದ್ದರು. ಮಳೆ ನೀರು ಇಳಿದು ಒಂದು ದಿನ ಫ್ಯೂಸು ಹಾರಿತು. ಇಂಥ ಕಡೆ ಬೆಂಕಿಯೂ ಹೊತ್ತಿಕೊಳ್ಳಬಹುದಂತೆ. ಮೆಕ್ಯಾನಿಕ್ಕು ಎರಡನ್ನೂ ಕಿತ್ತು ಕೈಗೆ ಕೊಟ್ಟ. ದೊಡ್ಡ ವ್ಯಾಟಿನ ಬಲ್ಬು ಹಾಕಿಸುವ ಆಸೆಯೂ ಬೇಡ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚಿನದನ್ನು ಹಾಕಿದರೆ ಹೋಲ್ಡರು ಕರಗುತ್ತದೆ, ಬ್ಯಾಟರಿಯೂ ಸೊರಗುತ್ತದೆ. ಬಣ್ಣ ಪೂರ್ತಿ ಬದಲಾಯಿಸುವುದಾದರೆ ಆರ್‌ಸಿಯಲ್ಲಿ ಬರೆದ ಬಣ್ಣವೂ ಬದಲಾಗಬೇಕು, ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ನಂಬರ್ ಪ್ಲೇಟನ್ನು ಚಿತ್ತಾರವಾಗಿ ಬರೆಸುವ ಕಾಲವಂತೂ ಹೋಯಿತು. ಕರ್ನಾಟಕದಲ್ಲಿ 2019ರ ಏಪ್ರಿಲ್‌ಗಿಂತ ಹಿಂದಿನ ಹಳೇ ಗಾಡಿಗಳಿಗೂ ಅತಿಸುರಕ್ಷಿತ ನಂಬರ್ ಪ್ಲೇಟೇ ಬೇಕು.

ಹಾಗಾದರೆ ಗಾಡಿಗೆ ಏನೂ ಹಾಕಿಸಲೇಬಾರದೇ? ಹಾಗೇನಿಲ್ಲ ಬಿಡಿ. ಎರಡೂ ಕಡೆ ಕನ್ನಡಿ, ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಅಗಲವಾದ ಪಟ್ಟಿ, ಚೀಲ ತೂಗುಹಾಕಲು ಕೊಕ್ಕೆ, ಇವೆಲ್ಲ ಕೊಟ್ಟ ದುಡ್ಡಿಗೆ ಮೋಸವಿಲ್ಲದವು. ಕೊಕ್ಕೆಗೆ ಹಾಕುವ ಚೀಲ ಹ್ಯಾಂಡಲ್ ತಿರುಗಿಸಲು ಅಡ್ಡಬರಬಾರದು, ಅಷ್ಟೆ. ಸೀಟ್ ಕವರು ಬೇಕಾದರೆ ಮನೆಯಲ್ಲೇ ಹೊಲಿಯಿರಿ. ನಾನು ತಂದ ಕೆಂಪು–ಕಪ್ಪು ಕವರು ಹೊಲಿಗೆಯ ತೂತುಗಳಿಂದ ನೀರು ಕುಡಿದು ಒಳಗಿನ ಸ್ಪಂಜನ್ನೆಲ್ಲ ಒದ್ದೆ ಮಾಡಿತು, ಕೂತರೆ ಸೀರೆ ತೊಯ್ಯುತ್ತಿತ್ತು. ಕಡ್ಡಿ ಮುರಿದ ಎರಡು ಹಳೇ ಕೊಡೆಗಳ ಬಟ್ಟೆ ಬಿಚ್ಚಿ, ಅಂಚಿಗೆ ಎಲಾಸ್ಟಿಕ್ಕು ಹಾಕಿ ಟೋಪಿಯ ಹಾಗೆ ಹೊಲಿದೆ. ಗಾಡಿ ನಿಲ್ಲಿಸಿದಾಗ ಹೊದಿಸುವುದು, ಹೊರಡುವಾಗ ತೆಗೆದು ಕೊಡವಿ ಸೀಟಿನಡಿಯ ಡಬ್ಬಿಯಲ್ಲಿಡುವುದು. ಮೂರು ಮಳೆಗಾಲ ಕಂಡಿದೆ. ರಬ್ಬರ್ ಮ್ಯಾಟನ್ನು ವಾರಕ್ಕೊಮ್ಮೆ ಎತ್ತಿ ಕೆಳಗೆ ಒರೆಸಿ, ಅದರಡಿ ನಿಂತ ನೀರೇ ತುಕ್ಕಿನ ತವರು.

ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿದ್ದರೆ ನಮ್ಮ ಅಡುಗೆಮನೆಯ ಸೋಡಾವೇ ಮದ್ದು. ಕೀಲಿ ಆರಿಸಿ, ಕಪ್ಪು ತಂತಿಯನ್ನು ಮೊದಲು, ಆಮೇಲೆ ಕೆಂಪನ್ನು ಬಿಚ್ಚಿ. ಒಂದು ಲೋಟ ನೀರಿಗೆ ಒಂದು ಚಮಚ ಸೋಡಾ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತುದಿಯನ್ನಷ್ಟೇ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಜೋಡಿಸುವಾಗ ಕೆಂಪು ಮೊದಲು. ಕೊನೆಗೆ ಚೂರು ವ್ಯಾಸಲೀನ್ ಸವರಿ. ಆ ಪುಡಿ ಕೈಗೆ, ಕಣ್ಣಿಗೆ ತಾಗದಂತೆ ಎಚ್ಚರವಿರಲಿ. ಕೇಬಲ್ಲಿಗೆ ಮಾತ್ರ ಅಡುಗೆಮನೆಯ ತೆಂಗಿನೆಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟಿ, ಧೂಳು ಹಿಡಿದು ಅಂಟಾಗುತ್ತದೆ.

ಆಯುಧ ಪೂಜೆಯ ದಿನ ಪೈಪು ಹಿಡಿದು ಗಾಡಿಗೆ ಅಭಿಷೇಕ ಮಾಡುತ್ತೇವಲ್ಲ, ಸೈಲೆನ್ಸರಿನ ಬಾಯಿಗೂ ಏರ್ ಫಿಲ್ಟರಿನ ಕಡೆಗೂ ನೀರು ಬಿಡಬೇಡಿ. ತೊಳೆದ ಕೂಡಲೇ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸುತ್ತ ಮೆಲ್ಲಗೆ ನಾಲ್ಕೈದು ಸಲ ಒತ್ತಿದರೆ ಒಣಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಹಳೇ ಪೆಟ್ರೋಲು ಕೆಟ್ಟು ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ, ಆದ್ದರಿಂದ ವಾರಕ್ಕೊಮ್ಮೆಯಾದರೂ ಹತ್ತು ನಿಮಿಷ ಓಡಿಸಿ. 2020ರ ನಂತರದ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರೇ ಇಲ್ಲ, ಫ್ಯುಯೆಲ್ ಇಂಜೆಕ್ಷನ್. ಅಂಥವನ್ನು ಮನೆಯಲ್ಲಿ ಬಿಚ್ಚುವ ಸಾಹಸಕ್ಕೆ ಹೋಗಬೇಡಿ.

ಅಂದ ಹಾಗೆ, "ಸ್ಕೂಟಿ ತಾನೇ, ಹದಿನಾರಾಯ್ತಲ್ಲ" ಎಂದು ಮಕ್ಕಳ ಕೈಗೆ ಕೀಲಿ ಕೊಡುವ ತಾಯಂದಿರು ನಮ್ಮ ಬೀದಿಯಲ್ಲೇ ಇದ್ದಾರೆ. ಹದಿನಾರಕ್ಕೆ ಲೈಸೆನ್ಸು ಸಿಗುವುದು 50 ಸಿ.ಸಿ.ಯೊಳಗಿನ ಗಾಡಿಗೆ ಮಾತ್ರ. ಇದಕ್ಕೆ ಹದಿನೆಂಟು ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಇದಕ್ಕೆ ತಂದೆತಾಯಿಯೇ ಹೊಣೆ, 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು.

ಬಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಳ್ಳಬಾರದಂತೆ. ಹೊರಗೆ ಬರೀ ಗೀರು ಕಂಡರೂ ಒಳಗಿನ ಥರ್ಮಾಕೋಲು ಕುಸಿದಿರುತ್ತದೆ. ಐಎಸ್‌ಐ ಗುರುತಿನ ಹೊಸದನ್ನು ಅಮ್ಮನಿಗೆ ತಂದೆ. ಆದರೆ ಅಮ್ಮ ಗಾಡಿ ಹತ್ತಿದರೆ ತಾನೇ! ಪಟ್ಟಿ ಬಿಚ್ಚಿ ನಾಲ್ಕು ತಿಂಗಳಾದರೂ "ಬಸ್ಸಿಗೇ ಬರ್ತೀನಿ ಮಾರಾಯ್ತಿ" ಎಂದು ಬೆಳಿಗ್ಗೆ ಬಂದು, ಸಂಜೆಯ ಬಸ್ಸಿನವರೆಗೆ ನಮ್ಮನೆಯಲ್ಲಿ ಕಾಲುನೀಡಿ ಕೂರುತ್ತಿದ್ದಳು. ನಾನೂ ಒತ್ತಾಯ ಮಾಡಲಿಲ್ಲ.

ಆಮೇಲೊಂದು ದಿನ ನಾನು ತವರಿನ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದೆ. ಅಮ್ಮ ಊರುಗೋಲು ಹಿಡಿದು ಹೊರಬಂದವಳು ಸೀರೆ ಗಾರ್ಡನ್ನು ಕೋಲಿನಿಂದ ಎರಡು ಸಲ ಕುಟ್ಟಿ ನೋಡಿದಳು. ಹಿಂದಿನ ಹಿಡಿಕೆಯನ್ನು ಅಲ್ಲಾಡಿಸಿದಳು. ಒಳಗೆ ಹೋಗಿ ಪಿನ್ನು ತಂದು ನನ್ನ ಕೈಗೆ ಕೊಟ್ಟು, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು: "ಇಲ್ಲಿ ಚುಚ್ಚು. ಪೇಟೆಯಲ್ಲಿ ಕವಳದ ಎಲೆ ತಗೊಳ್ಳೋದಿದೆ."